ಮೆಟಲ್ ಕಮ್ಮಿ ಮಾಡಿದ್ರೆ ಎಂ67 ವಯಸ್ಸು ಯಾಕೆ ಜಾಸ್ತಿ ಆಗತ್ತೆ? ಉಲ್ಟಾ ಆಗ್ಬೇಕಿತ್ತಲ್ವಾ?

ಬನಶಂಕರಿ_ದುರ್ಬೀನು

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದದ ಪ್ರಶ್ನೆ, ಸಹಿಸ್ಕೊಳ್ಳಿ.

ನಾನು ಓದಿದ್ದು ಕಂಪ್ಯೂಟರ್ ಸೈನ್ಸು, ಹೊಟ್ಟೆಪಾಡಿಗೆ ಔಟರ್ ರಿಂಗ್ ರೋಡಲ್ಲಿ ಕೋಡ್ ಬರೀತೀನಿ, ಆಸ್ಟ್ರಾನಮಿ ಬರೀ ಹುಚ್ಚು. ಬನಶಂಕರಿ ಟೆರೇಸಿಂದ ಈಗ ಗುರು ಶುಕ್ರ ಬಿಟ್ರೆ ಹೇಳ್ಕೊಳೋ ಅಂಥದ್ದೇನೂ ಕಾಣಲ್ಲ, ಅದಕ್ಕೆ ಡೇಟಾ ಹಿಂದೆ ಬಿದ್ದಿದೀನಿ. ಗಾಯಾ ಸ್ಯಾಟಲೈಟ್ ಡೇಟಾ ಫ್ರೀಯಾಗಿ ಸಿಗತ್ತಲ್ಲ, ಅದ್ರಲ್ಲಿ ಕರ್ಕಾಟಕ ರಾಶಿ ಕಡೆ ಇರೋ ಎಂ67 ಕ್ಲಸ್ಟರಿನ (ಒಟ್ಟಿಗೆ ಹುಟ್ಟಿದ ನಕ್ಷತ್ರಗಳ ಗುಂಪು) ನಕ್ಷತ್ರಗಳನ್ನ ಎತ್ಕೊಂಡು, ಬಣ್ಣ ಅಡ್ಡಕ್ಕೆ ಹೊಳಪು ಉದ್ದಕ್ಕೆ ಇಟ್ಟು ಪೈಥಾನಲ್ಲಿ ಪ್ಲಾಟ್ ಹಾಕ್ದೆ, ಸಖತ್ತಾಗಿ ಬಂತು, ಕೆಳಗಿಂದ ಓರೆಯಾಗಿ ಮೇಲೆ ಹೋಗಿ ಒಂದು ಕಡೆ ಬಲಕ್ಕೆ ತಿರುಗಿ ಕೆಂಪು ದೈತ್ಯಗಳ ಕಡೆ ಹತ್ತತ್ತೆ, ಪುಸ್ತಕದಲ್ಲಿ ಇದ್ದ ಹಾಗೇ.

ಗೊತ್ತಿಲ್ಲದೋರಿಗೆ: ಆ ತಿರುಗೋ ಜಾಗಕ್ಕೆ ಟರ್ನ್‌ಆಫ್ ಅಂತಾರೆ. ಒಂದೇ ಸಲ ಹುಟ್ಟಿದ ನಕ್ಷತ್ರಗಳಲ್ಲಿ ದಪ್ಪದವು ಬೇಗ ಹೈಡ್ರೋಜನ್ ಖಾಲಿ ಮಾಡ್ಕೊಂಡು ಆ ಓರೆ ಸಾಲು, ಅಂದ್ರೆ ಮುಖ್ಯ ಸಾಲು, ಬಿಡ್ತವೆ, ಆಮೇಲೆ ಅದಕ್ಕಿಂತ ಸಣ್ಣವು, ಆಮೇಲೆ ಇನ್ನೂ ಸಣ್ಣವು. ಈಗ ಯಾವ ಸೈಜಿನವು ಸಾಲು ಬಿಡ್ತಿದಾವೆ ಅಂತ ನೋಡಿದ್ರೆ ಕ್ಲಸ್ಟರಿನ ವಯಸ್ಸು ಸಿಕ್ತು. ಐಸೋಕ್ರೋನ್ ಅಂತ ರೆಡಿಮೇಡ್ ಗೆರೆಗಳು ಸಿಗ್ತವೆ, ಒಂದೊಂದು ವಯಸ್ಸಿಗೆ ಒಂದೊಂದು, ಅದನ್ನ ಡೇಟಾ ಮೇಲೆ ಕೂರಿಸಿ ನೋಡೋದು.

ತಲೆ ಕೆಟ್ಟಿರೋದು ಇಲ್ಲಿ. ಆ ಗೆರೆ ಡೌನ್‌ಲೋಡ್ ಮಾಡ್ವಾಗ ಜೆಡ್ ಅಂತ ಒಂದು ಸಂಖ್ಯೆ ಕೇಳತ್ತೆ, ಅಂದ್ರೆ ಹೈಡ್ರೋಜನ್ ಹೀಲಿಯಂ ಬಿಟ್ಟು ಮಿಕ್ಕ ಎಲ್ಲಾ ಮೂಲವಸ್ತುಗಳ ಪಾಲು, ಆಸ್ಟ್ರಾನಮಿಲಿ ಇವನ್ನೆಲ್ಲಾ ಸೇರಿಸಿ ಮೆಟಲ್ ಅಂತಾರೆ. 0.019 ಕೊಟ್ರೆ ವಯಸ್ಸು 400 ಕೋಟಿ ವರ್ಷಕ್ಕಿಂತ ಸ್ವಲ್ಪ ಕಮ್ಮಿಗೆ ಕೂರತ್ತೆ. 0.010 ಕೊಟ್ರೆ 500 ಕೋಟಿ ಹತ್ರ ಹೋದ್ರೇನೇ ಕೂರೋದು. ಅದೇ ನಕ್ಷತ್ರಗಳು, ಅದೇ ಡೇಟಾ, ಒಂದು ಡ್ರಾಪ್‌ಡೌನ್ ಬದಲಾಯ್ಸಿದ್ದಕ್ಕೆ 100 ಕೋಟಿ ವರ್ಷ ಆಚೆ ಈಚೆ! ಇನ್ನೊಂದು ಕಡೆ ಓದಿದ್ದು ಏನಪ್ಪಾ ಅಂದ್ರೆ ಮೆಟಲ್ ಕಮ್ಮಿ ಇರೋ ನಕ್ಷತ್ರ ಬೇಗ ಉರಿದು ಬೇಗ ಮುಗಿಯತ್ತೆ ಅಂತ. ಬೇಗ ಮುಗಿಯೋದಾದ್ರೆ ವಯಸ್ಸು ಕಮ್ಮಿ ಬರ್ಬೇಕಲ್ವಾ, ನಂಗೆ ಯಾಕೆ ಜಾಸ್ತಿ ಬರ್ತಿದೆ? ಕೋಡಲ್ಲಿ ಏನಾದ್ರೂ ಎಡವಟ್ಟು ಮಾಡಿದೀನಾ ಅಂತ ರಾತ್ರಿ ಎಲ್ಲಾ ಕೂತು ನೋಡ್ದೆ, ಏನೂ ಸಿಗ್ಲಿಲ್ಲ.

ಕಾಫಿ_ಬೈಟು

ಗುರು, ನೂರು ಕೋಟಿ ವರ್ಷ ಆಚೆ ಈಚೆ ಆಗಿದ್ದಕ್ಕೆ ನಿದ್ದೆ ಬಿಟ್ಟಿದೀಯಾ? ನಮ್ಮ ಏರಿಯಾ ಫ್ಲೈಓವರ್ ಯಾವಾಗ ಮುಗಿಯತ್ತೆ ಅಂತ ಕೇಳಿದ್ರೂ ಇಷ್ಟೇ ಎರರ್ ಬಾರ್ ಕೊಡೋದು. ಸುಮ ಮೇಡಂ ಬರ್ತಾರೆ ಇರು.

ಸ್ಪೆಕ್ಟ್ರಂ_ಸುಮ

ಬಂದೆ. ಕೋಡ್ ಸರಿ ಇದೆ ಅನ್ಸತ್ತೆ, ನೀವು ಓದಿದ್ದೂ ಸರಿ ಇದೆ, ಎರಡೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಅಷ್ಟೇ.

ಮೊದ್ಲು ಓದಿದ್ದು. ಒಂದೇ ತೂಕದ ಎರಡು ನಕ್ಷತ್ರ ತಗೊಳ್ಳಿ, ಒಂದ್ರಲ್ಲಿ ಮೆಟಲ್ ಜಾಸ್ತಿ ಇನ್ನೊಂದ್ರಲ್ಲಿ ಕಮ್ಮಿ. ಒಳಗಡೆ ಹುಟ್ಟಿದ ಬೆಳಕು ಆಚೆ ಬರ್ಬೇಕಾದ್ರೆ ದಾರೀಲಿ ಸಿಗೋ ಪರಮಾಣುಗಳು ಅದನ್ನ ಹೀರಿ, ಮತ್ತೆ ಯಾವ್ದೋ ದಿಕ್ಕಿಗೆ ಬಿಡ್ತಾವೆ. ಹೈಡ್ರೋಜನ್ ಹೀಲಿಯಂ ಒಳಗಿನ ಕೋಟಿ ಡಿಗ್ರಿ ಶಾಖಕ್ಕೆ ಎಲೆಕ್ಟ್ರಾನ್ ಪೂರ್ತಿ ಕಳ್ಕೊಂಡಿರ್ತವೆ, ಹಾಗಾಗಿ ಜಾಸ್ತಿ ಅಡ್ಡ ಬರಲ್ಲ. ಕಬ್ಬಿಣ, ಆಕ್ಸಿಜನ್, ನಿಯಾನ್ ಇಂಥವು ಕೆಲವು ಎಲೆಕ್ಟ್ರಾನ್ ಇನ್ನೂ ಹಿಡ್ಕೊಂಡೇ ಇರ್ತವೆ, ಅವೇ ಬೆಳಕನ್ನ ನುಂಗೋದು. ಇದನ್ನೇ ಓಪಾಸಿಟಿ ಅನ್ನೋದು. ಮೆಟಲ್ ನೂರಕ್ಕೆ ಒಂದೂವರೆ ಪಾಲೇ ಇದ್ರೂ ಅಡ್ಡಗಾಲು ಹಾಕೋದ್ರಲ್ಲಿ ಅವುಗಳ ಪಾಲು ತುಂಬಾ ದೊಡ್ಡದು. ಮೆಟಲ್ ಕಮ್ಮಿ ಇದ್ರೆ ಶಕ್ತಿ ಸಲೀಸಾಗಿ ಸೋರಿ ಹೋಗತ್ತೆ, ನಕ್ಷತ್ರ ಜಾಸ್ತಿ ಹೊಳಿಯತ್ತೆ, ಮೇಲ್ಮೈನೂ ಬಿಸಿ ಇರತ್ತೆ, ಬಣ್ಣ ನೀಲಿ ಕಡೆ ವಾಲತ್ತೆ, ಇಂಧನ ಬೇಗ ಖಾಲಿ ಆಗತ್ತೆ. ಗ್ಲೋಬ್ಯುಲರ್ ಕ್ಲಸ್ಟರುಗಳಲ್ಲಿ (ಉಂಡೆ ಥರ ದಟ್ಟವಾಗಿರೋ, ಮೆಟಲ್ ಕಮ್ಮಿ ಇರೋ ಹಳೇ ಗುಂಪುಗಳು) ಈಗ ಸಾಲು ಬಿಡ್ತಿರೋದು ಸುಮಾರು 0.8 ಸೂರ್ಯ ತೂಕದವು, 1200-1300 ಕೋಟಿ ವರ್ಷಕ್ಕೆ. ಸೂರ್ಯನಲ್ಲಿರೋ ಮಿಶ್ರಣ ಇದ್ದಿದ್ರೆ ಅದೇ 0.8ರ ನಕ್ಷತ್ರ ಇನ್ನೂ ಎಷ್ಟೋ ನೂರು ಕೋಟಿ ವರ್ಷ ಆರಾಮಾಗಿ ಕೂತಿರ್ತಿತ್ತು.

ಈಗ ನಿಮ್ಮ ಪ್ಲಾಟು. ನಿಮ್ಮತ್ರ ತೂಕ ಎಲ್ಲಿದೆ? ಇಲ್ಲ. ಇರೋದು ಬಣ್ಣ ಮತ್ತೆ ಹೊಳಪು. ಜೆಡ್ ಕಮ್ಮಿ ಮಾಡಿದ ತಕ್ಷಣ ಐಸೋಕ್ರೋನಿನ ಗೆರೆ ಇಡೀಗೆ ಇಡೀ ಎಡಕ್ಕೆ, ನೀಲಿ ಕಡೆಗೆ ಜರುಗತ್ತೆ. ಟರ್ನ್‌ಆಫೂ ಎಡಕ್ಕೆ ಹೋಯ್ತು. ಆದ್ರೆ ನಿಮ್ಮ ನಕ್ಷತ್ರಗಳು ಇದ್ದಲ್ಲೇ ಇವೆ. ಗೆರೆನ ವಾಪಸ್ ಬಲಕ್ಕೆ ಎಳೆಯೋಕೆ ನಿಮ್ಮ ಕೈಲಿ ಉಳಿದಿರೋದು ವಯಸ್ಸು ಒಂದೇ, ವಯಸ್ಸು ಜಾಸ್ತಿ ಮಾಡ್ತಾ ಹೋದ್ರೆ ನೀಲಿ ನಕ್ಷತ್ರಗಳು ಒಂದೊಂದಾಗಿ ಸಾಲು ಬಿಟ್ಟು ಟರ್ನ್‌ಆಫ್ ಕೆಂಪು ಕಡೆ ಇಳಿಯತ್ತೆ. ಅದಕ್ಕೇ 500 ಕೋಟಿ. ಅಂದ್ರೆ ಕಮ್ಮಿ ಮೆಟಲಿನ ಮುದುಕ, ಜಾಸ್ತಿ ಮೆಟಲಿನ ಹುಡುಗ, ಇಬ್ರೂ ದೂರದಿಂದ ಒಂದೇ ಥರ ಕಾಣ್ತಾರೆ. ಒಂದೊಂದು ನಕ್ಷತ್ರ ಬಿಡಿಬಿಡಿಯಾಗಿ ಕಾಣದ ದೂರದ ಗ್ಯಾಲಕ್ಸಿಗಳಲ್ಲಂತೂ ಇದು ಇನ್ನೂ ದೊಡ್ಡ ತಲೆನೋವು, ವಯಸ್ಸು-ಮೆಟಲ್ ಗೊಂದಲ ಅಂತಾನೇ ಅದಕ್ಕೆ ಹೆಸರು ಬಿದ್ದಿದೆ.

ಒಂದು ಉಪಾಯ ಇದೆ, ಕ್ಲಸ್ಟರ್ ಆಗಿರೋದ್ರಿಂದ ಮಾತ್ರ. ಟರ್ನ್‌ಆಫ್ ಬಿಟ್ಬಿಡಿ, ಪ್ಲಾಟಿನ ಕೆಳಗಡೆ ಭಾಗ ನೋಡಿ, ಸೂರ್ಯನಿಗಿಂತ ಸಣ್ಣ ನಕ್ಷತ್ರಗಳು. ಅವಕ್ಕೆ 400 ಕೋಟಿನೂ ಒಂದೇ 500 ಕೋಟಿನೂ ಒಂದೇ, ಜಾಗ ಬಿಟ್ಟು ಕದಲಲ್ಲ. ಆದ್ರೆ ಜೆಡ್ ಬದಲಾಯ್ಸಿದ್ರೆ ಕದಲ್ತವೆ. 0.010 ಗೆರೆ ಹಾಕಿ ಕೆಳಗಡೆ ಝೂಮ್ ಮಾಡಿ, ಡೇಟಾಗೂ ಗೆರೆಗೂ ಮಧ್ಯ ಸಂದು ಕಾಣತ್ತೆ ನೋಡಿ. ಕಾಣ್ಲಿಲ್ಲ ಅಂದ್ರೆ ನೀವು ದೂರನ ಅಥವಾ ಮಧ್ಯ ಇದ್ದು ಬೆಳಕನ್ನ ಕೆಂಪು ಮಾಡೋ ಧೂಳಿನ ಲೆಕ್ಕನ ಸುಮ್ನೆ ಅಡ್ಜಸ್ಟ್ ಮಾಡ್ಕೊಂಡಿದೀರಾ ಅಂತ ಅರ್ಥ. ದೂರ ಗಾಯಾದಿಂದಲೇ ಬಂದಿದೆ, ಸುಮಾರು 2800 ಜ್ಯೋತಿರ್ವರ್ಷ, ಅದನ್ನ ಮುಟ್ಬೇಡಿ.

ಬನಶಂಕರಿ_ದುರ್ಬೀನು

ಮೇಡಂ, ಅಯ್ಯೋ, ಹೌದು, ದೂರನ ಫಿಟ್ ಮಾಡಕ್ಕೆ ಬಿಟ್ಟಿದ್ದೆ! ಫಿಕ್ಸ್ ಮಾಡಿದ್ಮೇಲೆ 0.010 ಗೆರೆ ಕೆಳಗಡೆ ಪೂರ್ತಿ ಹೊರಗೆ ಹೋಯ್ತು. ತೂಕ ಮತ್ತೆ ಬಣ್ಣದ ವಿಷಯ ಈಗ ಅರ್ಥ ಆಯ್ತು.

ಆದ್ರೆ ಇನ್ನೊಂದು. ಎಂ67 ಮಿಶ್ರಣ ಹೆಚ್ಚು ಕಮ್ಮಿ ಸೂರ್ಯನ ಥರಾನೇ ಅಂತ ಎಲ್ಲಾ ಕಡೆ ಬರ್ದಿದಾರೆ. ಸರಿ, ಸೂರ್ಯನ ಜೆಡ್ ಎಷ್ಟು ಅಂತ ಹುಡುಕಿದ್ರೆ ಒಂದು ಕಡೆ 0.02, ಒಂದು ಕಡೆ 0.019, ಇನ್ನೊಂದು ಕಡೆ 0.0152, ಮತ್ತೊಂದು ಕಡೆ 0.0142. ಪಕ್ಕದಲ್ಲೇ ಇರೋ ಸೂರ್ಯಂದೇ ಹಿಂಗಾದ್ರೆ ಹೆಂಗೆ? ಮತ್ತೆ ಒಂಟಿ ನಕ್ಷತ್ರಕ್ಕೆ ಏನ್ಮಾಡ್ತಾರೆ, ಅಲ್ಲಿ ಕೆಳಗಡೆ ಸಾಲೇ ಇರಲ್ವಲ್ಲಾ?

ರಿಟೈರ್ಡ್_ಮೇಷ್ಟ್ರು

ನಾನು ಸ್ವಲ್ಪ ಹೇಳ್ತೀನಿ. ಮೂವತ್ತು ವರ್ಷ ಫಿಸಿಕ್ಸ್ ಪಾಠ ಮಾಡಿದ ಅಭ್ಯಾಸ, ಉದ್ದ ಆಗತ್ತೆ, ಬೇಜಾರಾದ್ರೆ ಮುಂದಕ್ಕೆ ಹೋಗಿ.

ನಮ್ಮ ಕಾಲದಲ್ಲಿ ಹಳ್ಳಿ ಸ್ಕೂಲಿಗೆ ಮಗೂನ ಸೇರಿಸ್ವಾಗ ಬರ್ತ್ ಸರ್ಟಿಫಿಕೇಟ್ ಎಲ್ಲಿತ್ತು? ಹೆಡ್‌ಮಾಸ್ಟ್ರು ಬಲಗೈನ ತಲೆ ಮೇಲಿಂದ ಹಾಕಿ ಎಡಗಿವಿ ಮುಟ್ಟು ಅಂತಿದ್ರು. ಮುಟ್ಟಿದ್ರೆ ಐದೂವರೆ ಆರು ವರ್ಷ ಆಗಿದೆ ಅಂತ ಲೆಕ್ಕ, ಜೂನ್ ತಿಂಗಳ ಯಾವ್ದೋ ಒಂದು ತಾರೀಖು ಬರ್ಕೊಳೋರು. ಹೊಟ್ಟೆ ತುಂಬಾ ಉಂಡು ಬೆಳೆದ ಮಗು ಐದಕ್ಕೇ ಮುಟ್ತಿತ್ತು, ಪಾಪ ಸರಿಯಾಗಿ ಊಟ ಇಲ್ದೆ ಇದ್ದಿದ್ದು ಏಳಾದ್ರೂ ಮುಟ್ತಿರ್ಲಿಲ್ಲ. ಮಗು ಏನು ತಿಂದು ಬೆಳೀತು ಅಂತ ಗೊತ್ತಿಲ್ದೆ ಕೈ ಉದ್ದ ನೋಡಿ ವಯಸ್ಸು ಹೇಳೋದು, ನಕ್ಷತ್ರದ್ದೂ ಅದೇ ಕಥೆ. ಇವತ್ತಿನ ಬಣ್ಣ, ಇವತ್ತಿನ ಹೊಳಪು ಗೊತ್ತು, ಹುಟ್ಟಿದಾಗ ಒಳಗೆ ಏನೇನು ಬಿದ್ದಿತ್ತು ಅನ್ನೋದು ಗೊತ್ತಾಗ್ದೆ ವಯಸ್ಸು ಹೇಳಕ್ಕಾಗಲ್ಲ.

ಅದನ್ನ ತಿಳ್ಕೊಳೋದು ಸ್ಪೆಕ್ಟ್ರಂನಿಂದ. ಬೆಳಕನ್ನ ಬಿಡಿಸಿದಾಗ ಕಪ್ಪು ಗೆರೆಗಳು ಕಾಣ್ತಾವಲ್ಲ, ಒಂದೊಂದು ಮೂಲವಸ್ತುಗೂ ಅದರದ್ದೇ ಗೆರೆಗಳು. ಆದ್ರೆ ಗೆರೆ ದಪ್ಪ ಇದೆ ಅಂದ ಮಾತ್ರಕ್ಕೆ ಆ ವಸ್ತು ಜಾಸ್ತಿ ಇದೆ ಅಂತಲ್ಲ, ತಾಪಮಾನಾನೂ ಅದನ್ನ ಆಡಿಸತ್ತೆ. ಇದನ್ನ ಲೆಕ್ಕಕ್ಕೆ ತಂದೋರು ನಮ್ಮ ಮೇಘನಾದ ಸಹಾ, 1920ರಲ್ಲಿ. ಆ ಸಮೀಕರಣ ಇಟ್ಕೊಂಡೇ 1925ರಲ್ಲಿ ಸಿಸಿಲಿಯಾ ಪೇಯ್ನ್ ನಕ್ಷತ್ರಗಳು ಬಹುಪಾಲು ಹೈಡ್ರೋಜನ್ ಹೀಲಿಯಂ ಅಂತ ತೋರಿಸಿದ್ದು, ಆಗ ದೊಡ್ಡ ದೊಡ್ಡೋರೇ ಒಪ್ಪಿರ್ಲಿಲ್ಲ. ಇವತ್ತಿಗೂ ಸೂರ್ಯನಂಥ ನಕ್ಷತ್ರದ ತಾಪಮಾನ ಒಂದು 100 ಡಿಗ್ರಿ ತಪ್ಪಾಗಿ ಹಿಡಿದ್ರೆ ಕಬ್ಬಿಣದ ಲೆಕ್ಕ ಸುಮಾರು ಶೇಕಡಾ 15-20 ತಪ್ಪತ್ತೆ, ಅದು ನೇರ ವಯಸ್ಸಿಗೆ ಹೋಗಿ ಹೊಡೆಯತ್ತೆ.

ಕಬ್ಬಿಣ ಅಂದೆ. ಎಲ್ರೂ ಕಬ್ಬಿಣಾನೇ ಅಳೆಯೋದು, ಯಾಕಂದ್ರೆ ಅದರ ಗೆರೆಗಳು ಸಾಲುಸಾಲಾಗಿ ಸಿಗ್ತವೆ. ಕಬ್ಬಿಣ ಅಳೆದು, ಮಿಕ್ಕಿದ್ದೆಲ್ಲಾ ಸೂರ್ಯನಲ್ಲಿರೋ ಪ್ರಮಾಣದಲ್ಲೇ ಇರ್ಬೇಕು ಅಂದ್ಕೊಂಡು ಜೆಡ್ ಮಾಡ್ಬಿಡ್ತಾರೆ. ಇದು ಸೋಮಾರಿ ಲೆಕ್ಕ ಅಂತ ನನ್ನ ಅಭಿಪ್ರಾಯ, ಸುಮ ಮೇಡಂ ಬೈದ್ರೂ ಪರ್ವಾಗಿಲ್ಲ. ಸೂರ್ಯನ ಮೆಟಲ್ ತೂಕದಲ್ಲಿ ಕಬ್ಬಿಣದ ಪಾಲು ಶೇಕಡಾ ಹತ್ತರ ಹತ್ರ, ಆಕ್ಸಿಜನ್ ಒಂದೇ ಶೇಕಡಾ ನಲವತ್ತಕ್ಕಿಂತ ಮೇಲೆ! ಹಳೇ ನಕ್ಷತ್ರಗಳಲ್ಲಿ ಕಬ್ಬಿಣ ಕಮ್ಮಿ ಇರ್ಬಹುದು, ಆದ್ರೆ ಆಕ್ಸಿಜನ್ ಮೆಗ್ನೀಸಿಯಂ ಅದೇ ಲೆಕ್ಕದಲ್ಲಿ ಕಮ್ಮಿ ಇರಲ್ಲ. ಯಾಕೆ? ಆಕ್ಸಿಜನ್ ಮೆಗ್ನೀಸಿಯಂ ಬರೋದು ದಪ್ಪ ನಕ್ಷತ್ರ ಸಿಡಿದಾಗ, ಅವು ಹುಟ್ಟಿ ಸ್ವಲ್ಪ ಕಾಲಕ್ಕೇ ಸಿಡೀತವೆ. ಕಬ್ಬಿಣದ ದೊಡ್ಡ ಪಾಲು ಬರೋದು ಬಿಳಿ ಕುಬ್ಜಗಳು (ಸಾಧಾರಣ ತೂಕದ ನಕ್ಷತ್ರ ಸತ್ತ ಮೇಲೆ ಉಳಿಯೋ ತಿರುಳು) ಸಿಡಿದಾಗ, ಅದಕ್ಕೆ ತುಂಬಾ ತಡ ಆಗತ್ತೆ. ಕಬ್ಬಿಣ ಇನ್ನೂ ಬಂದು ಸೇರೋ ಮುಂಚೆ ಹುಟ್ಟಿದ ನಕ್ಷತ್ರದಲ್ಲಿ ಆಕ್ಸಿಜನ್ ಪಾಲು ಮೇಲಿರತ್ತೆ. ಇದನ್ನ ಮರೆತು ಬರೀ ಕಬ್ಬಿಣದಿಂದ ಲೆಕ್ಕ ಹಾಕಿದ್ರೆ ಆ ಮುದುಕನ್ನ ಇನ್ನೂ ಮುದುಕ ಮಾಡ್ಬಿಡ್ತೀವಿ.

ಸ್ಪೆಕ್ಟ್ರಂ_ಸುಮ

ಬೈಯಲ್ಲ ಸರ್, ನೀವು ಹೇಳಿದ್ದು ನಿಜ. ಆದ್ರೆ ಸೋಮಾರಿತನಕ್ಕೆ ಒಂದು ಕಾರಣಾನೂ ಇದೆ. ಆಕ್ಸಿಜನ್ ಅಳೆಯೋದು ಅಂದ್ರೆ ಪ್ರಾಣಸಂಕಟ. 630 ನ್ಯಾನೊಮೀಟರ್ ಹತ್ರ ಒಂದು ಗೆರೆ ಇದೆ, ಕೂದಲೆಳೆ ಥರ ಸಣ್ಣದು, ಅದರ ಮೈಮೇಲೇ ನಿಕ್ಕಲ್ಲಿನ ಒಂದು ಗೆರೆ ಬಂದು ಕೂತಿರತ್ತೆ. 777ರ ಹತ್ರ ಮೂರು ಗೆರೆ ಇವೆ, ಚೆನ್ನಾಗಿ ದಪ್ಪಗಿವೆ, ಆದ್ರೆ ಮಾಮೂಲಿ ಮಾಡೆಲ್ ಹಾಕಿದ್ರೆ ಇರೋದಕ್ಕಿಂತ ಜಾಸ್ತಿ ಆಕ್ಸಿಜನ್ ತೋರಿಸ್ತವೆ, ಅದಕ್ಕೆ ಬೇರೆ ತಿದ್ದುಪಡಿ ಮಾಡ್ಬೇಕು. ದುರ್ಬೀನು ಅವ್ರೇ, ಸೂರ್ಯನ ಜೆಡ್ ಅಷ್ಟೊಂದು ಥರ ಇರೋದು ಇದೇ ಕಾರಣಕ್ಕೆ. ಹಳೇ ಲೆಕ್ಕ 0.02ರ ಹತ್ರ ಇತ್ತು, 2000ದ ದಶಕದಲ್ಲಿ ಸೂರ್ಯನ ಮೇಲ್ಮೈನ ಮೂರು ಆಯಾಮದಲ್ಲಿ, ಕುದೀತಿರೋ ಹಂಗೇ ಮಾಡೆಲ್ ಮಾಡಿ ನೋಡಿದಾಗ ಆಕ್ಸಿಜನ್ ದಬಕ್ ಅಂತ ಇಳೀತು, ಜೊತೆಗೆ ಜೆಡ್ಡೂ ಇಳೀತು. ಇಳಿದ ಮೇಲೆ ಸೂರ್ಯನ ಕಂಪನದಿಂದ ಒಳಗಿನ ರಚನೆ ಲೆಕ್ಕ ಹಾಕೋರಿಗೆ ತಾಳೆ ಆಗೋದು ನಿಂತು ಹೋಯ್ತು, ಅದಕ್ಕೆ ಮುಂಚೆ ಚೆನ್ನಾಗಿ ಹೊಂದ್ತಿತ್ತು. ಆ ಜಗಳ ಇನ್ನೂ ನಡೀತಿದೆ, 2022ರಲ್ಲಿ ಒಂದು ತಂಡ ಮತ್ತೆ ಮೇಲೆ ತಂದಿದೆ.

ನಿಮಗೆ ಬೇಕಾಗಿರೋದು ಇಷ್ಟು: ಇಟಲಿಯ ಪಡುವಾದವರ ಹಳೇ ಐಸೋಕ್ರೋನಲ್ಲಿ ಸೂರ್ಯ ಅಂದ್ರೆ 0.019, ಅವರದ್ದೇ ಹೊಸ ಪಾರ್ಸೆಕ್ ಸೆಟ್ಟಲ್ಲಿ 0.0152, ಮಿಸ್ಟ್ ಅನ್ನೋ ಇನ್ನೊಂದು ಐಸೋಕ್ರೋನ್ ಸೆಟ್ಟಲ್ಲಿ 0.0142. ಯಾವ ಸೆಟ್ ಬಳಸ್ತೀರೋ ಆ ಸೆಟ್ಟಿನ ಸೂರ್ಯನೇ ಸೂರ್ಯ. ಒಬ್ಬರ ಸೂರ್ಯನ ತಗೊಂಡೋಗಿ ಇನ್ನೊಬ್ಬರ ಮಾಡೆಲ್ಲಿಗೆ ಹಾಕ್ಬೇಡಿ. ನೀವು ಹೊಸ ಸೆಟ್ಟಿಗೆ 0.019 ಕೊಟ್ಟಿದ್ರೆ ಅದು ಸೂರ್ಯನಿಗಿಂತ ಕಾಲು ಭಾಗ ಜಾಸ್ತಿ ಮೆಟಲ್.

ಲೆಕ್ಕ_ಕೊಡಿ_ಸ್ವಾಮಿ

ಒಟ್ನಲ್ಲಿ ಎಲ್ಲಾ ಗೆಸ್ ಅಂತ ಒಪ್ಕೊಂಡ್ರಿ. ನಾನು ಒಂದು ವಿಡಿಯೋ ನೋಡ್ದೆ, ಬ್ರಹ್ಮಾಂಡದ ವಯಸ್ಸು 1380 ಕೋಟಿ ವರ್ಷ, ಅದ್ರೊಳಗೇ ಇರೋ ಒಂದು ನಕ್ಷತ್ರದ ವಯಸ್ಸು 1446 ಕೋಟಿ ವರ್ಷ. ಅಪ್ಪನಿಗಿಂತ ಮಗ ದೊಡ್ಡೋನು! ಬಿಗ್ ಬ್ಯಾಂಗ್ ಸುಳ್ಳು ಅಂತ ಸೈಂಟಿಸ್ಟುಗಳು ಮುಚ್ಚಿಡ್ತಿದಾರೆ ಅಂತ ಆ ವಿಡಿಯೋದಲ್ಲಿ ಹೇಳಿದ್ರು. ಇದಕ್ಕೆ ಏನಂತೀರಾ?

ಕಾಫಿ_ಬೈಟು

ಮುಚ್ಚಿಡೋರು ಜರ್ನಲ್ಲಲ್ಲಿ ಪ್ರಿಂಟ್ ಯಾಕೆ ಮಾಡ್ತಾರೆ ಸ್ವಾಮಿ.

ಸ್ಪೆಕ್ಟ್ರಂ_ಸುಮ

ಅದು ಎಚ್‌ಡಿ 140283, ಮೆಥೂಸೆಲಾ (ಬೈಬಲ್ಲಲ್ಲಿ ಬರೋ ದೀರ್ಘಾಯುಷಿ) ಅಂತ ಅಡ್ಡಹೆಸರು. ತುಲಾ ರಾಶಿ ಕಡೆ ಇದೆ, 200 ಜ್ಯೋತಿರ್ವರ್ಷ ದೂರ, ಊರಾಚೆ ಕತ್ತಲೆ ಇರೋ ಕಡೆ ಹೋದ್ರೆ ಬೈನಾಕ್ಯುಲರಲ್ಲೇ ನೋಡ್ಬಹುದು. ಕಬ್ಬಿಣ ಸೂರ್ಯನಿಗಿಂತ ಇನ್ನೂರೈವತ್ತು ಪಟ್ಟು ಕಮ್ಮಿ. 2013ರಲ್ಲಿ ಹಬಲ್ ಟೆಲಿಸ್ಕೋಪಲ್ಲಿ ಅದರ ದೂರ ಕರೆಕ್ಟಾಗಿ ಅಳೆದು ಹೇಳಿದ ವಯಸ್ಸು 1446 ಕೋಟಿ. ಆದ್ರೆ ವಿಡಿಯೋದವ್ರು ಅರ್ಧ ವಾಕ್ಯ ಕಟ್ ಮಾಡಿದಾರೆ, ಪೂರ್ತಿ ಉತ್ತರ 1446, ಹೆಚ್ಚು ಕಮ್ಮಿ 80 ಕೋಟಿ. 1446ರಿಂದ 80 ಕಳೀರಿ, ಎಷ್ಟಾಯ್ತು? 1366. ಜಗಳ ಅಲ್ಲಿಗೆ ಮುಗೀತು.

ನಮ್ಮ ವಿಷಯಕ್ಕೆ ಬೇಕಾಗಿರೋದು ಆ 80 ಎಲ್ಲಿಂದ ಬಂತು ಅನ್ನೋದು. ದೂರದ ಅಳತೆ ಒಂದರಿಂದ ಬರೋ ತಪ್ಪು ಬರೀ 31 ಕೋಟಿ. ಅದನ್ನ 80ಕ್ಕೆ ಏರಿಸಿದ್ದು ಮುಖ್ಯವಾಗಿ ನಕ್ಷತ್ರದ ಮಿಶ್ರಣ, ಅದರಲ್ಲೂ ಮೇಷ್ಟ್ರು ಹೇಳಿದ ಆಕ್ಸಿಜನ್. ಆಕ್ಸಿಜನ್ ಸ್ವಲ್ಪ ಜಾಸ್ತಿ ಅಂತ ಹಿಡಿದ್ರೆ ವಯಸ್ಸು ಇಳಿಯತ್ತೆ, ಓಪಾಸಿಟಿನೂ ಬದಲಾಗತ್ತೆ, ಜೊತೆಗೆ ಸಾಲು ಬಿಡೋ ಹೊತ್ತಿಗೆ ನಕ್ಷತ್ರ ಹೈಡ್ರೋಜನ್ ಉರಿಸೋದೇ ಕಾರ್ಬನ್-ನೈಟ್ರೋಜನ್-ಆಕ್ಸಿಜನ್ ಮಧ್ಯಸ್ಥಿಕೇಲಿ, ಹಾಗಾಗಿ ಎರಡು ಕಡೆಯಿಂದ ಹೊಡೆತ. 2021ರಲ್ಲಿ ಇನ್ನೊಂದು ತಂಡ ಅದೇ ನಕ್ಷತ್ರಕ್ಕೆ ಮಾಡೆಲ್ ಮಾಡಿ 1200 ಕೋಟಿ ಹತ್ರ ತಂದ್ರು. ನಕ್ಷತ್ರ ಅದೇ, ಅದಕ್ಕೇನೂ ಆಗಿಲ್ಲ.

1990ರ ದಶಕದಲ್ಲೂ ಇದೇ ಗಲಾಟೆ ಆಗಿತ್ತು, ಗ್ಲೋಬ್ಯುಲರ್ ಕ್ಲಸ್ಟರುಗಳು 1500-1600 ಕೋಟಿ ಅಂತ, ಬ್ರಹ್ಮಾಂಡ ಅದಕ್ಕಿಂತ ಚಿಕ್ಕದು ಅಂತ. ಹಿಪ್ಪಾರ್ಕಸ್ ಸ್ಯಾಟಲೈಟ್ ದೂರಗಳನ್ನ ಸರಿ ಮಾಡ್ತು, ಮಾಡೆಲ್ಲುಗಳೂ ಸುಧಾರಿಸಿದ್ವು, 1998ರಲ್ಲಿ ಡಾರ್ಕ್ ಎನರ್ಜಿ (ಬ್ರಹ್ಮಾಂಡ ಹಿಗ್ಗೋದನ್ನ ಜೋರು ಮಾಡೋ ಶಕ್ತಿ) ಬಂದು ಬ್ರಹ್ಮಾಂಡದ ವಯಸ್ಸೂ ಮೇಲೆ ಹೋಯ್ತು. ಎರಡೂ ಕಡೆಯವ್ರು ಸ್ವಲ್ಪ ಸ್ವಲ್ಪ ಜರುಗಿ ಹೊಂದ್ಕೊಂಡ್ರು.

ಗೆಸ್ ಅನ್ನೋದಕ್ಕೆ: ನೇರವಾಗಿ ಅಳೆದಿರೋ ನಕ್ಷತ್ರದ ವಯಸ್ಸು ಒಂದೇ, ಸೂರ್ಯಂದು, ಅದೂ ಸೂರ್ಯನ್ನ ನೋಡಿ ಅಲ್ಲ, ಉಲ್ಕಾಶಿಲೆಗಳನ್ನ ಲ್ಯಾಬಲ್ಲಿ ಇಟ್ಟು, 456.7 ಕೋಟಿ. ಮಿಕ್ಕಿದ್ದೆಲ್ಲಾ ಮಾಡೆಲ್ ಮೂಲಕ ಓದಿದ್ದೇ. ಓದಿದ್ದು ಅಂದ್ರೆ ಬಾಯಿಗೆ ಬಂದಿದ್ದು ಹೇಳಿದ್ದು ಅಂತಲ್ಲ.

ಲೆಕ್ಕ_ಕೊಡಿ_ಸ್ವಾಮಿ

ಸರಿ, ಹೆಚ್ಚು ಕಮ್ಮಿ 80 ಅಂತ ಇರೋದು ವಿಡಿಯೋದಲ್ಲಿ ಹೇಳೇ ಇಲ್ಲ. ಆದ್ರೂ ಮಾಡೆಲ್ ಇಲ್ದೆ ವಯಸ್ಸು ಹೇಳೋ ದಾರಿ ಯಾವ್ದೂ ಇಲ್ವಾ? ಉಲ್ಕಾಶಿಲೆಗೆ ಮಾಡಿದ ಹಂಗೆ ಯುರೇನಿಯಂ ನೋಡಿ ಹೇಳಕ್ಕಾಗಲ್ವಾ?

ರಿಟೈರ್ಡ್_ಮೇಷ್ಟ್ರು

ಒಳ್ಳೇ ಪ್ರಶ್ನೆ ಕೇಳಿದ್ರಿ ಸ್ವಾಮಿ, ವಿಡಿಯೋ ಬಿಟ್ಟು ಈ ಕಡೆ ಬನ್ನಿ. ಮಾಡಿದಾರೆ. 2001ರಲ್ಲಿ ಚಿಲಿ ದೇಶದ ವಿಎಲ್‌ಟಿ ಟೆಲಿಸ್ಕೋಪಲ್ಲಿ ಸಿಎಸ್ 31082-001 ಅನ್ನೋ ನಕ್ಷತ್ರದ ಸ್ಪೆಕ್ಟ್ರಂ ತೆಗೆದಾಗ ಯುರೇನಿಯಂ ಗೆರೆ ಸಿಕ್ತು. ಯುರೇನಿಯಂ 238ರ ಅರ್ಧಾಯು 447 ಕೋಟಿ ವರ್ಷ, ಥೋರಿಯಂದು 1405 ಕೋಟಿ. ಯುರೇನಿಯಂ ಬೇಗ ಕರಗತ್ತೆ, ಥೋರಿಯಂ ನಿಧಾನ, ಎರಡರ ಅನುಪಾತ ನೋಡಿದ್ರೆ ಎಷ್ಟು ಕಾಲ ಆಯ್ತು ಅಂತ ಗೊತ್ತಾಗತ್ತೆ. ಬಂದ ಉತ್ತರ 1250 ಕೋಟಿ, ಹೆಚ್ಚು ಕಮ್ಮಿ 300 ಕೋಟಿ. ಬಣ್ಣ ಹೊಳಪು ಐಸೋಕ್ರೋನ್ ಯಾವ್ದೂ ಬೇಡ. ಆದ್ರೆ 300 ಕೋಟಿ ತಪ್ಪು ನೋಡಿ! ಗೆರೆ ತುಂಬಾ ಸಣ್ಣದು, ಪಕ್ಕದ ಗೆರೆಗಳ ನೆರಳಲ್ಲಿರತ್ತೆ, ಮತ್ತೆ ಮೊದಲಿಗೆ ಎರಡೂ ಎಷ್ಟೆಷ್ಟು ಹುಟ್ಟಿದ್ವು ಅನ್ನೋದಕ್ಕೆ ಪುನಃ ಒಂದು ಮಾಡೆಲ್ಲೇ ಬೇಕು. ಇಂಥ ನಕ್ಷತ್ರ ಸಿಗೋದೂ ಅಪರೂಪ.

ಇನ್ನೊಂದು, ಇತ್ತೀಚೆಗೆ ಜನಕ್ಕೆ ಇಷ್ಟ ಆಗಿರೋದು, ಮಿಶ್ರಣಾನೇ ಗಡಿಯಾರ ಮಾಡ್ಕೊಳೋದು. ಯಿಟ್ರಿಯಂ ಮತ್ತೆ ಮೆಗ್ನೀಸಿಯಂ ಅನುಪಾತ. ಮೆಗ್ನೀಸಿಯಂ ಆಗಲೇ ಹೇಳಿದ ಹಾಗೆ ದಪ್ಪ ನಕ್ಷತ್ರ ಸಿಡಿದು ಬೇಗ ಬರತ್ತೆ. ಯಿಟ್ರಿಯಂ ಬಹುಪಾಲು ಸಾಧಾರಣ ತೂಕದ ನಕ್ಷತ್ರಗಳು ಮುದಿಯಾದಾಗ ತಯಾರು ಮಾಡಿ ಆಚೆ ಬಿಡೋದು, ತಡವಾಗಿ ಬರತ್ತೆ. ಹಾಗಾಗಿ ಈಚೆಗೆ ಹುಟ್ಟಿದ ನಕ್ಷತ್ರದಲ್ಲಿ ಯಿಟ್ರಿಯಂ ಪಾಲು ಜಾಸ್ತಿ. ಸೂರ್ಯನ ಪಡಿಯಚ್ಚಿನಂಥ ನಕ್ಷತ್ರಗಳಲ್ಲಿ ಇದನ್ನ ವಯಸ್ಸಿನ ಎದುರು ಇಟ್ರೆ ಒಂದೇ ಗೆರೆ ಮೇಲೆ ಬರ್ತವೆ, 100 ಕೋಟಿ ವರ್ಷದ ಆಸುಪಾಸಲ್ಲಿ ವಯಸ್ಸು ಹೇಳ್ಬಹುದು. ಮೆಟಲ್ ತುಂಬಾ ಕಮ್ಮಿ ಇರೋ ನಕ್ಷತ್ರಕ್ಕೆ ತಗೊಂಡೋಗಿ ಹಾಕಿದ್ರೆ ಕೆಲಸ ಮಾಡಲ್ಲ. ಮತ್ತೆ ಆ ಗೆರೆ ಎಳೆದಿದ್ದೇ ಐಸೋಕ್ರೋನ್ ವಯಸ್ಸುಗಳನ್ನ ಇಟ್ಕೊಂಡು ಅನ್ನೋದು ಮರೀಬೇಡಿ.

ಬನಶಂಕರಿ_ದುರ್ಬೀನು

ಇದೆಲ್ಲಾ ಓದ್ತಾ ಹೋದ್ರೆ ಒಂದು ಅನ್ಸತ್ತೆ. ನಾವು ಅಳೆಯೋದು ಮೇಲ್ಮೈ ಮಿಶ್ರಣ ತಾನೇ? ಒಳಗೂ ಅದೇ ಇರತ್ತೆ ಅಂತ ಯಾರು ಹೇಳಿದ್ದು?

ಮತ್ತೆ ಹೀಲಿಯಂ? ಎಲ್ರೂ ಜೆಡ್ ಜೆಡ್ ಅಂತಿದೀರಾ, ನಾಲ್ಕನೇ ಒಂದು ಭಾಗ ಹೀಲಿಯಂ ಇರತ್ತಲ್ಲಾ, ಅದನ್ನ ಯಾರೂ ಕೇಳ್ತಾನೇ ಇಲ್ಲ.

ಸ್ಪೆಕ್ಟ್ರಂ_ಸುಮ

ಎರಡೂ ಸರಿಯಾದ ಜಾಗಕ್ಕೇ ಕೈ ಹಾಕಿದೀರ.

ಮೇಲ್ಮೈದು: ಒಂದೇ ಅಲ್ಲ. ಭಾರದ ಪರಮಾಣುಗಳು ನೂರಾರು ಕೋಟಿ ವರ್ಷದಲ್ಲಿ ನಿಧಾನಕ್ಕೆ ಒಳಗೆ ಇಳೀತವೆ, ಡಿಫ್ಯೂಷನ್ ಅಂತಾರೆ. ಸೂರ್ಯನ ಮೇಲ್ಮೈಲಿ ಈಗಿರೋ ಮೆಟಲ್ ಹುಟ್ಟಿದಾಗ ಇದ್ದಿದ್ದಕ್ಕಿಂತ ಶೇಕಡಾ ಹತ್ತಕ್ಕಿಂತ ಸ್ವಲ್ಪ ಜಾಸ್ತಿನೇ ಕಮ್ಮಿ. ತಮಾಷೆ ಏನು ಗೊತ್ತಾ, ಇದು ನಿಮ್ಮ ಎಂ67ರಲ್ಲೇ ಚೆನ್ನಾಗಿ ಕಾಣೋದು. ಟರ್ನ್‌ಆಫ್ ಹತ್ರ ಇರೋ ನಕ್ಷತ್ರಗಳಲ್ಲಿ ಕಬ್ಬಿಣ ಕಮ್ಮಿ ತೋರಿಸತ್ತೆ, ಅದೇ ಕ್ಲಸ್ಟರಿನ ಕೆಂಪು ದೈತ್ಯಗಳಲ್ಲಿ ಜಾಸ್ತಿ ತೋರಿಸತ್ತೆ. ಒಂದೇ ಮೋಡದಲ್ಲಿ ಹುಟ್ಟಿದವು! ದೈತ್ಯ ಆಗ್ವಾಗ ಹೊರಪದರ ಆಳದ ತನಕ ಕಲಸಿ ಹೋಗತ್ತೆ, ಒಳಗೆ ಇಳಿದಿದ್ದು ಮತ್ತೆ ಮೇಲೆ ಬರತ್ತೆ. ಅದಕ್ಕೆ ಟರ್ನ್‌ಆಫ್ ನಕ್ಷತ್ರದ ಸ್ಪೆಕ್ಟ್ರಂ ಓದಿ ಅದೇ ಸಂಖ್ಯೆನ ಹುಟ್ಟಿದಾಗಿನ ಜೆಡ್ ಅಂತ ಹಾಕೋದು ತಪ್ಪು. ಒಂಟಿ ನಕ್ಷತ್ರದಲ್ಲಿ ಡಿಫ್ಯೂಷನ್ ಲೆಕ್ಕಕ್ಕೆ ತಗೊಳ್ದೇ ಇದ್ರೆ ವಯಸ್ಸು ಜಾಸ್ತಿ ಬರತ್ತೆ.

ಹೀಲಿಯಂ: ಇದರ ಬಗ್ಗೆ ನಾವೆಲ್ಲಾ ಸ್ವಲ್ಪ ಕಣ್ಣುಮುಚ್ಚಿ ಕೂತಿರೋದು ನಿಜ. ಸೂರ್ಯನಂಥ ನಕ್ಷತ್ರಗಳ ಮೇಲ್ಮೈ ಹೀಲಿಯಂ ಗೆರೆ ಮೂಡಿಸೋವಷ್ಟು ಬಿಸಿ ಇರಲ್ಲ, ಹಾಗಾಗಿ ಸ್ಪೆಕ್ಟ್ರಂನಲ್ಲಿ ಅಳೆಯೋಕೇ ಆಗಲ್ಲ. ಬಿಗ್ ಬ್ಯಾಂಗಲ್ಲಿ ಹುಟ್ಟಿದ ಹೀಲಿಯಂ ಶೇಕಡಾ 25ರ ಹತ್ರ, ಆಮೇಲೆ ಮೆಟಲ್ ಜಾಸ್ತಿ ಆದ ಹಾಗೆ ಇದೂ ಇಷ್ಟಿಷ್ಟು ಜಾಸ್ತಿ ಆಗಿರ್ಬೇಕು ಅಂತ ಒಂದು ಸೂತ್ರ ಇಟ್ಕೊಂಡು ಎಲ್ಲಾ ಐಸೋಕ್ರೋನಿಗೂ ತುಂಬಿರ್ತಾರೆ. ಹೀಲಿಯಂ ಜಾಸ್ತಿ ಇದ್ರೆ ನಕ್ಷತ್ರ ಹೊಳಪು ಜಾಸ್ತಿ, ಬಣ್ಣ ನೀಲಿ, ಆಯಸ್ಸು ಕಮ್ಮಿ. ಸೂತ್ರ ಕೈಕೊಟ್ಟಾಗ ಏನಾಗತ್ತೆ ಅಂತ ನೋಡ್ಬೇಕಾದ್ರೆ ಒಮೆಗಾ ಸೆಂಟಾರಿ ಅನ್ನೋ ಗ್ಲೋಬ್ಯುಲರ್ ಕ್ಲಸ್ಟರ್ ಇದೆ. ಏಪ್ರಿಲ್ ಮೇ ರಾತ್ರಿ ಬೆಂಗಳೂರಿಂದಲೇ ದಕ್ಷಿಣದಲ್ಲಿ ಮೂವತ್ತು ಡಿಗ್ರಿ ಎತ್ತರಕ್ಕೆ ಬರತ್ತೆ, ಕನಕಪುರ ದಾಟಿ ಹೋದ್ರೆ ಮಂಜಿನ ಉಂಡೆ ಥರ ಕಾಣತ್ತೆ. ಅದರಲ್ಲಿ ಮುಖ್ಯ ಸಾಲೇ ಎರಡಾಗಿ ಸೀಳಿದೆ. ನೀಲಿ ಕಡೆ ಇರೋ ಸಾಲಲ್ಲಿ ಮೆಟಲ್ ಕಮ್ಮಿ ಇರ್ಬೇಕು ಅಂತ ತಾನೇ ನಾನು ಮೇಲೆ ಹೇಳಿದ್ದು? ಅಳೆದಾಗ ನೀಲಿ ಸಾಲಲ್ಲೇ ಮೆಟಲ್ ಜಾಸ್ತಿ ಇತ್ತು. ಅದಕ್ಕೆ ಸಿಕ್ಕಿರೋ ವಿವರಣೆ ಹೀಲಿಯಂ ಒಂದೇ, ಶೇಕಡಾ 38-40 ಇರ್ಬೇಕು ಅಂತ.

ಎಂ67ಗೆ ಅಷ್ಟು ಭಯ ಬೀಳ್ಬೇಡಿ, ಅಲ್ಲಿ ಮಾಮೂಲಿ ಹೀಲಿಯಂ ನಡೆಯತ್ತೆ.

ಕಾಫಿ_ಬೈಟು

ಕನಕಪುರ ದಾಟಿ ಹೋಗೋದಾದ್ರೆ ನಂದೊಂದು ಕಾರಿದೆ, ಫಿಲ್ಟರ್ ಕಾಫಿ ಫ್ಲಾಸ್ಕಲ್ಲಿ ತರ್ತೀನಿ, ಆದ್ರೆ ದಾರಿ ಪೂರ್ತಿ ಹೀಲಿಯಂ ಬಗ್ಗೆ ಮಾತಾಡಿದ್ರೆ ಮಧ್ಯದಲ್ಲೇ ಇಳಿಸ್ಬಿಡ್ತೀನಿ.

ಬನಶಂಕರಿ_ದುರ್ಬೀನು

ಡೀಲ್. ಮೇಡಂ, ಪಾರ್ಸೆಕ್ ಹೊಸ ಸೆಟ್ಟಲ್ಲಿ 0.0152 ಹಾಕಿ, ದೂರ ಫಿಕ್ಸ್ ಮಾಡಿ ಓಡ್ಸಿದೆ. ಕೆಳಗಡೆ ಸಾಲು ಪರವಾಗಿಲ್ಲ, ಆದ್ರೆ ಡೇಟಾ ಗೆರೆಗಿಂತ ಒಂಚೂರು ಕೆಂಪು ಕಡೆ ಇದೆ ಇಡೀ ಉದ್ದಕ್ಕೂ. ಟರ್ನ್‌ಆಫ್ ಮೇಲೆ ಎಡಗಡೆ ಸುಮಾರು ನಕ್ಷತ್ರ ಚೆಲ್ಲಾಪಿಲ್ಲಿ ಬಿದ್ದಿವೆ, ಫಿಟ್ಟು ಆ ಕಡೆಗೇ ಎಳೀತಿದೆ, ವಯಸ್ಸು 350ಕ್ಕೆ ಇಳಿದು ಹೋಗತ್ತೆ. ಮೆಟಲ್ ಇನ್ನೂ ಬದಲಾಯ್ಸ್ಬೇಕಾ?

ಸ್ಪೆಕ್ಟ್ರಂ_ಸುಮ

ಮೆಟಲ್ ಮುಟ್ಬೇಡಿ. ಇಡೀ ಉದ್ದಕ್ಕೂ ಕೆಂಪು ಕಡೆ ಇರೋದು ಮಧ್ಯದ ಧೂಳು, ಎಂ67ಗೆ ಕಮ್ಮಿನೇ, ಬಿ ಮೈನಸ್ ವಿ (ನೀಲಿ ಮತ್ತೆ ಹಸಿರು-ಹಳದಿ ಫಿಲ್ಟರುಗಳ ಹೊಳಪಿನ ವ್ಯತ್ಯಾಸ) ಲೆಕ್ಕದಲ್ಲಿ 0.04 ಮ್ಯಾಗ್ನಿಟ್ಯೂಡ್ (ಹೊಳಪಿನ ಅಳತೆ) ಹತ್ರ. ಗಾಯಾ ಫಿಲ್ಟರಿಗೆ ಬದಲಾಯ್ಸಿ ಹಾಕಿ. ಎಡಗಡೆ ಮೇಲೆ ಚೆಲ್ಲಿರೋವು ಬ್ಲೂ ಸ್ಟ್ರ್ಯಾಗ್ಲರುಗಳು, ಎರಡು ನಕ್ಷತ್ರ ಸೇರ್ಕೊಂಡೋ ಒಂದರ ಮೈಯಿಂದ ಇನ್ನೊಂದು ಎಳ್ಕೊಂಡೋ ಹರೆಯ ವಾಪಸ್ ಪಡ್ಕೊಂಡಿರೋವು, ಎಂ67 ಅದಕ್ಕೇ ಹೆಸರುವಾಸಿ. ಫಿಟ್ಟಿಂದ ಆಚೆ ಹಾಕಿ. ಮುಖ್ಯ ಸಾಲಿನ ಮೇಲುಗಡೆ 0.75 ಮ್ಯಾಗ್ನಿಟ್ಯೂಡ್ ತನಕ ಇನ್ನೊಂದು ತೆಳು ಸಾಲು ಕಾಣತ್ತಲ್ಲ, ಅದು ಜೋಡಿ ನಕ್ಷತ್ರಗಳು ಒಂದೇ ಚುಕ್ಕೆಯಾಗಿ ಕಾಣೋದು, ಅದನ್ನೂ ತೆಗೀರಿ. ಆಮೇಲೆ ಪ್ಲಾಟ್ ಇಲ್ಲಿ ಹಾಕಿ, ಟರ್ನ್‌ಆಫ್ ಹತ್ರ ಒಂದು ಸಣ್ಣ ಕೊಕ್ಕೆ ಥರ ಬರ್ಬೇಕು, ಅದು ಸಿಗ್ತಾ ನೋಡೋಣ.